ಗೃಹಪ್ರವೇಶಕ್ಕೆ ಮುಟ್ಟು ಮುಂದೂಡುವ ಮಾತ್ರೆ: 11ಕ್ಕೆ ಶುರು ಮಾಡಿದರೆ ತಡ

ಗೃಹಪ್ರವೇಶ 14ಕ್ಕೆ, ಮುಟ್ಟಿನ ತಾರೀಖು 12, ಮಾತ್ರೆ 11ರಿಂದ ತಗೊಳ್ಳಲೇ, ಮುಂದೆ ಮಕ್ಕಳಾಗಲು ತೊಂದರೆಯೇ ಎಂದು ಕೇಳಿದ್ದೀರಿ. 11 ತಡವಾಯಿತು ಅಕ್ಕಾ. ನೊರೆಥಿಸ್ಟಿರಾನ್ 5 ಮಿ.ಗ್ರಾಂ ಮಾತ್ರೆಯನ್ನು ಮುಟ್ಟಿನ ದಿನಕ್ಕೆ 3 ದಿನ ಮೊದಲೇ, ಅಂದರೆ 9ರಿಂದ, ದಿನಕ್ಕೆ 3 ಸಲ ತಗೊಳ್ಳಬೇಕು. ದೇಹದ ಪ್ರೊಜೆಸ್ಟಿರಾನ್ ಎಂಬ ಹಾರ್ಮೋನ್ ಇಳಿದಾಗ ಗರ್ಭಕೋಶದ ಒಳಪದರ ಕಳಚುತ್ತದೆ. ಆ ಹಾರ್ಮೋನಿನಂತೆಯೇ ಕೆಲಸ ಮಾಡುವ ಮಾತ್ರೆ ಪದರವನ್ನು ಹಿಡಿದಿಡುತ್ತದೆ. ಕಳಚಲು ಶುರುವಾದ ಮೇಲೆ ಹಿಡಿಯುವುದು ಕಷ್ಟ. ಒಂದು ಹೊತ್ತು ಮರೆತರೂ ರಕ್ತದ ಕಲೆ ಕಾಣಿಸಬಹುದು. ನಿಲ್ಲಿಸಿದ ಮೇಲೆ ಸಾಮಾನ್ಯವಾಗಿ 2-3 ದಿನದಲ್ಲಿ ಮುಟ್ಟು ಬರುತ್ತದೆ. ವಾರ ಕಳೆದರೂ ಬಾರದಿದ್ದರೆ ಗರ್ಭಪರೀಕ್ಷೆ ಮಾಡಿಕೊಳ್ಳಿ, ಹೀಗೆ ತಗೊಂಡಾಗ ಇದು ಗರ್ಭನಿರೋಧಕವಲ್ಲ.

ಮಕ್ಕಳಾಗುವುದಕ್ಕೆ ಇದರಿಂದ ಅಡ್ಡಿಯಿಲ್ಲ. ನನ್ನ ಚಿಂತೆ ಬೇರೆ. ಈ ಮಾತ್ರೆಯ ಸ್ವಲ್ಪ ಅಂಶ ದೇಹದಲ್ಲಿ ಎಥಿನೈಲ್ ಈಸ್ಟ್ರಡಯಾಲ್ ಎಂಬ ಈಸ್ಟ್ರೋಜನ್ ಹಾರ್ಮೋನ್ ಆಗಿ ಬದಲಾಗುತ್ತದೆ, ಅದರಿಂದ ರಕ್ತ ಹೆಪ್ಪುಗಟ್ಟುವ ಅಪಾಯ ತುಸು ಏರುತ್ತದೆ. ಹಿಂದೆ ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದರೆ, ಕಣ್ಣೆದುರು ಮಿಂಚು ಕಾಣಿಸುವ ಮೈಗ್ರೇನ್ ಅಥವಾ ಲಿವರ್ ಕಾಯಿಲೆ ಇದ್ದರೆ ಈ ಮಾತ್ರೆ ಬೇಡವೇ ಬೇಡ. ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಸಿಗುತ್ತದೆಂದು ಕೊಳ್ಳಬೇಡಿ, 8ರೊಳಗೆ ವೈದ್ಯರನ್ನು ಕಾಣಿ. ತಗೊಳ್ಳುವಾಗ ಒಂದೇ ಕಾಲಿನ ಮೀನಖಂಡ ಊದಿ ನೋವಾದರೆ ಅಥವಾ ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ಮಾತ್ರೆ ಬಿಟ್ಟು ತಕ್ಷಣ ಆಸ್ಪತ್ರೆಗೆ ಹೋಗಿ.