ಮೊದಲ ಅಧ್ಯಾಯವನ್ನು ಇನ್ನು ಮುಟ್ಟಬೇಡಿ

ನಮಸ್ಕಾರ.

ನಿಮ್ಮ ಕಾದಂಬರಿಯ ಹಸ್ತಪ್ರತಿಯನ್ನು ಎರಡು ಸಲ ಓದಿದ್ದೇವೆ. ಈಗಿನ ರೂಪದಲ್ಲಿ ಅದನ್ನು ಪ್ರಕಟಿಸಲಾಗುವುದಿಲ್ಲ. ಆದರೆ ಅದರಲ್ಲಿ ಕಾದಂಬರಿಯೊಂದು ಖಂಡಿತ ಇದೆ. ಹಾಗಾಗಿಯೇ ಈ ಪತ್ರ ಉದ್ದವಾಗಿದೆ.

ಸ್ಫೂರ್ತಿ ಬಂದಾಗ ಮಾತ್ರ ಕೂತು ಬರೆದೆ, ನಾಲ್ಕು ವರ್ಷ ಹಿಡಿಯಿತು, ಮೊದಲ ಅಧ್ಯಾಯವನ್ನೇ 14 ಸಲ ತಿದ್ದಿದೆ ಎಂದು ಬರೆದಿದ್ದೀರಿ. ನೀವು ಹೇಳದಿದ್ದರೂ ಹಸ್ತಪ್ರತಿಯೇ ಅದನ್ನು ಹೇಳುತ್ತಿತ್ತು. ಒಟ್ಟು 31 ಅಧ್ಯಾಯ, 86,000 ಪದ. ಅದರಲ್ಲಿ ಮೊದಲ ಮೂರು ಅಧ್ಯಾಯಗಳೇ 21,000 ಪದ ನುಂಗಿವೆ. ಕೊನೆಯ ಆರೂ ಸೇರಿದರೆ 7,000. ಬಾಗಿಲಲ್ಲೇ ಅಷ್ಟು ಹೊತ್ತು ನಿಲ್ಲಿಸಿಕೊಂಡ ಓದುಗನನ್ನು ಕೊನೆಗೆ ಕತ್ತು ಹಿಡಿದು ಹೊರಗೆ ದಬ್ಬಿದ ಹಾಗಿದೆ. ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಳ್ಳುವ ದೃಶ್ಯಕ್ಕಾಗಿಯೇ ನಾವು ಅಷ್ಟೂ ಪುಟ ಓದಿ ಬಂದಿದ್ದೆವು. ಅದು ಒಂದೂವರೆ ಪುಟದಲ್ಲಿ ಮುಗಿದುಹೋಗಿದೆ.

ಕ್ರಿಯಾಪದಗಳನ್ನು ನೋಡಿ. ಮೊದಲ ಐದು ಅಧ್ಯಾಯಗಳಲ್ಲಿ ‘ಬಂದನು, ಕುಳಿತನು, ಹೇಳಿದನು’. ಆರರಿಂದ ‘ಬಂದ, ಕೂತ, ಅಂದ’. ಹದಿನೆಂಟರಲ್ಲಿ ಮತ್ತೆ ‘ಬಂದನು’. ಸುಲೋಚನಾ ಕೆಲವು ಕಡೆ ‘ಆಕೆ’, ಕೆಲವು ಕಡೆ ‘ಅವಳು’. ಬೇಕೆಂದೇ ಮಾಡಿದ್ದರೆ ಅದಕ್ಕೊಂದು ಕಾರಣ ಕಾಣಬೇಕಿತ್ತು. ಇಲ್ಲಿ ಕಾಣುವುದು ಬರವಣಿಗೆಯ ನಡುವೆ ತಿಂಗಳುಗಟ್ಟಲೆ ಬಿದ್ದ ಬಿಡುವು. ಪ್ರತಿ ಸಲ ಹೊಸಬರಾಗಿ ಬಂದು ಕೂತಿದ್ದೀರಿ. ನಿರೂಪಕನ ದನಿ ಹಿಂದಿನ ಸಲ ಹೇಗಿತ್ತು ಎಂಬುದು ನಿಮ್ಮ ಕಿವಿಯಲ್ಲಿ ಉಳಿದಿಲ್ಲ. ನಾಲ್ಕನೇ ಅಧ್ಯಾಯದಲ್ಲಿ 26 ವರ್ಷದ ಸುಲೋಚನಾಳಿಗೆ, ಕಥೆಯಲ್ಲಿ ಮೂರು ವರ್ಷ ಕಳೆದ ಮೇಲೆ, ಹದಿನೈದರಲ್ಲಿ 27. ಅವಳ ತಂದೆಯ ಕುಂಟು ಹತ್ತನೇ ಅಧ್ಯಾಯದಿಂದಾಚೆಗೆ ಮಾಯ. ಇದೆಲ್ಲ ಪ್ರತಿಭೆಯ ಕೊರತೆಯಲ್ಲ, ರೂಢಿಯ ಕೊರತೆ. ರೂಢಿಯನ್ನು ಮಾಡಿಕೊಳ್ಳಬಹುದು.

ಅಮೆರಿಕದ ಕಾದಂಬರಿಕಾರ ಹೆಮಿಂಗ್ವೇ 39 ಸಲ ತಿದ್ದಿದ್ದನ್ನು ನಿಮ್ಮ 14ಕ್ಕೆ ಆಧಾರವಾಗಿ ಕೊಟ್ಟಿದ್ದೀರಿ. 1958ರಲ್ಲಿ ಪ್ರಕಟವಾದ ಸಂದರ್ಶನದಲ್ಲಿ ಅವರು ಆ ಮಾತು ಹೇಳಿದ್ದು ‘ಎ ಫೇರ್‌ವೆಲ್ ಟು ಆರ್ಮ್ಸ್’ ಕಾದಂಬರಿಯ ಕೊನೆಯ ಪುಟದ ಬಗ್ಗೆ. ಕೊನೆಯ ಪುಟ ತಿದ್ದುವವನ ಕೈಯಲ್ಲಿ ಇಡೀ ಕಥೆ ಇರುತ್ತದೆ. ಮೊದಲ ಪುಟವನ್ನೇ ತಿದ್ದುತ್ತ ಕೂತವನಿಗೆ ಅದು ಓದುಗನನ್ನು ಎಲ್ಲಿಗೆ ಒಯ್ಯಬೇಕು ಎಂಬುದೇ ಇನ್ನೂ ಗೊತ್ತಿರುವುದಿಲ್ಲ. ನಿಮ್ಮ ಆರಂಭದ ನದಿಯ ವರ್ಣನೆ ಸೊಗಸಾಗಿದೆ, ನಿಜ. ಆದರೆ ಆ ನದಿ ಕಾದಂಬರಿಯಲ್ಲಿ ಮತ್ತೆಲ್ಲೂ ಬರುವುದಿಲ್ಲ. ನಿಮಗೆ ಹೆಚ್ಚು ಉಪಯೋಗವಾಗುವ ಮಾತು ಅದೇ ಸಂದರ್ಶನದಲ್ಲಿದೆ: ಮುಂದೇನಾಗುತ್ತದೆ ಎಂದು ಗೊತ್ತಿರುವಾಗಲೇ ಅಂದಿನ ಬರವಣಿಗೆ ನಿಲ್ಲಿಸಬೇಕು.

ಈಗ ಕೆಲಸದ ಮಾತು. ದಿನಕ್ಕೆ 400 ಪದ, ವಾರಕ್ಕೆ ಐದು ದಿನ. ವಾರಕ್ಕೆ 2,000 ಆಯಿತು. 40 ವಾರಕ್ಕೆ 80,000. ಇಂಗ್ಲಿಷ್ ಲೇಖಕರು ದಿನಕ್ಕೆ ಸಾವಿರ ಪದ ಬರೆಯುತ್ತಾರೆಂದು ಓದಿ ಅದನ್ನೇ ಗುರಿ ಮಾಡಿಕೊಳ್ಳಬೇಡಿ. ಕನ್ನಡದಲ್ಲಿ ವಿಭಕ್ತಿ, ಅವ್ಯಯಗಳೆಲ್ಲ ಪದಕ್ಕೇ ಅಂಟಿಕೊಳ್ಳುತ್ತವೆ, ‘ಮನೆಯಿಂದಾಚೆಗೂ’ ಎನ್ನುವುದು ನಮ್ಮಲ್ಲಿ ಒಂದೇ ಪದ. ನಮ್ಮ 400 ಪದದಲ್ಲಿ ಕಾಣುವುದಕ್ಕಿಂತ ಹೆಚ್ಚು ಸರಕು ಹಿಡಿಯುತ್ತದೆ. ಬೆಳಿಗ್ಗೆಯೋ ರಾತ್ರಿಯೋ, ಯಾವ ಹೊತ್ತಾದರೂ ಸರಿ, ದಿನವೂ ಅದೇ ಹೊತ್ತಾಗಿರಲಿ. ಒಂದು ದಿನ ತಪ್ಪಿದರೆ ಮರುದಿನ 800 ಬರೆದು ತೀರಿಸಲು ಹೋಗಬೇಡಿ. ಅದು ಆಗುವುದಿಲ್ಲ, ಆಗಲಿಲ್ಲವೆಂಬ ಬೇಸರಕ್ಕೆ ಮೂರನೇ ದಿನ ಕೂರುವುದೇ ಇಲ್ಲ. ಬರೆಯುವ ಅಭ್ಯಾಸ ಬಿಟ್ಟುಹೋಗುವುದು ಹೆಚ್ಚಾಗಿ ಹೀಗೆಯೇ.

ಕೂತ ತಕ್ಷಣ ಹೊಸ ವಾಕ್ಯ ಹುಡುಕಬೇಡಿ. ಅಂಚೆ ಇಲಾಖೆಯ ನೌಕರಿ ಮಾಡುತ್ತಲೇ ಕಾದಂಬರಿ ಬರೆಯುತ್ತಿದ್ದ ಆಂಟನಿ ಟ್ರಾಲಪ್, ಬೆಳಿಗ್ಗೆ 5:30ಕ್ಕೆ ಕೂತು ಮೊದಲ ಅರ್ಧ ಗಂಟೆ ಹಿಂದಿನ ದಿನದ ಬರಹವನ್ನು ಓದುತ್ತಿದ್ದರು, ಪದಗಳ ಸದ್ದು ಕಿವಿಗೆ ಹೇಗೆ ಬೀಳುತ್ತದೆಂದು ನೋಡುತ್ತಿದ್ದರು. ಆಮೇಲೆ ಗಡಿಯಾರ ಮುಂದಿಟ್ಟುಕೊಂಡು ಕಾಲು ಗಂಟೆಗೆ 250 ಪದ. ಆ ವೇಗ ನಿಮಗೆ ಬೇಡ, ಆ ಓದು ಬೇಕು. ಹಿಂದಿನ ಎರಡು ಪುಟ ಗಟ್ಟಿಯಾಗಿ ಓದಿದರೆ ‘ಬಂದ’ ಇದ್ದಲ್ಲಿ ‘ಬಂದನು’ ನುಸುಳುವುದು ಅಲ್ಲೇ ನಿಲ್ಲುತ್ತದೆ. ಒಂದು ಎಚ್ಚರಿಕೆ: ನಿಮ್ಮಂಥವರಿಗೆ ಈ ಓದು ತಿದ್ದುವುದಾಗಿ ತಿರುಗಿ, ಇದ್ದ ಹೊತ್ತೆಲ್ಲ ಅದಕ್ಕೇ ಹೋಗಿಬಿಡುತ್ತದೆ. ಕೂಡದು. ಅಂಚಿನಲ್ಲಿ ಒಂದು ಗೀಟು ಹಾಕಿ ಮುಂದೆ ಹೋಗಿ. ನಡುವೆ ‘ತಮ್ಮ ಬೇಡ, ತಂಗಿ ಇರಬೇಕಿತ್ತು’ ಎನ್ನಿಸಿದರೂ ಹಿಂದಕ್ಕೆ ಹೋಗಬೇಡಿ. ‘ಇಲ್ಲಿಂದ ತಂಗಿ’ ಎಂದು ಬರೆದುಕೊಂಡು, ಮೊದಲಿಂದಲೂ ತಂಗಿಯೇ ಇದ್ದಳು ಎಂಬಂತೆ ಮುಂದುವರಿಸಿ.

ಪಕ್ಕದಲ್ಲಿ ಒಂದು ನೋಟ್‌ಬುಕ್ ಇರಲಿ. ಅಧ್ಯಾಯ ಮುಗಿದ ದಿನವೇ ಅದರಲ್ಲಿ ನಾಲ್ಕು ಸಾಲು: ಕಥೆಯೊಳಗಿನ ತಿಂಗಳು ಮತ್ತು ವರ್ಷ, ಯಾರಿಗೆ ಎಷ್ಟು ವಯಸ್ಸು, ಯಾರಿಗೆ ಯಾವ ಗುಟ್ಟು ಗೊತ್ತಾಯಿತು, ಯಾವ ವಸ್ತು ಯಾರ ಕೈಗೆ ಹೋಯಿತು. ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ. ಸಾಲದ ವಿಷಯ ಹನ್ನೆರಡರಲ್ಲೇ ತಿಳಿದಿದ್ದ ಸುಲೋಚನಾ ಇಪ್ಪತ್ತೆರಡರಲ್ಲಿ ಅದನ್ನು ಕೇಳಿ ಬೆಚ್ಚಿಬೀಳುವುದು ಅದಕ್ಕೇ.

ನಿಮ್ಮವೇ ಎರಡು ಜಾಗ ತೋರಿಸುತ್ತೇವೆ. 14 ಸಲ ತಿದ್ದಿದ ಅಧ್ಯಾಯದಲ್ಲಿ: ‘ಆಕೆಯ ಹೃದಯಾಂತರಾಳದಲ್ಲಿ ದುಃಖದ ಕಡಲೇ ಉಕ್ಕಿ ಹರಿಯಿತು.’ ಒಂದೇ ಗುಕ್ಕಿನಲ್ಲಿ ಬರೆದಿರಬೇಕು ಎನ್ನಿಸುವ ಹತ್ತೊಂಬತ್ತರಲ್ಲಿ, ಅಣ್ಣನ ಕಾಗದ ಓದಿದ ಮೇಲೆ: ‘ಲೋಟ ತೊಳೆದು ಬೋರಲು ಹಾಕಿದಳು. ಮತ್ತೆ ಎತ್ತಿ ತೊಳೆದಳು.’ ಮೊದಲನೆಯದನ್ನು ಯಾರ ಬಗ್ಗೆಯಾದರೂ ಬರೆಯಬಹುದು. ಎರಡನೆಯದರಲ್ಲಿ ಒಬ್ಬಳೇ ಹೆಂಗಸು ಇದ್ದಾಳೆ, ಅವಳ ಕೈ ನಮಗೆ ಕಾಣುತ್ತದೆ. ಅದರ ಹಿಂದೆಯೇ ನೀವು ‘ಅವಳಿಗೆ ತುಂಬಾ ದುಃಖವಾಗಿತ್ತು’ ಎಂದು ಸೇರಿಸಿದ್ದೀರಿ. ಅದನ್ನು ಹೊಡೆದುಹಾಕಿ. ಚೆನ್ನಾಗಿ ಬರೆಯುವ ನಿಮ್ಮ ಕೈ ಇದು, ಇದನ್ನು ನಂಬಿ.

ಕರಡು ಮುಗಿದ ಮೇಲೆ ಆರು ವಾರ ಅದನ್ನು ತೆರೆಯಬೇಡಿ. ಆಮೇಲೆ ಪ್ರಿಂಟ್ ತೆಗೆದು, ಪೆನ್ನು ಹಿಡಿಯದೆ ಒಮ್ಮೆ ಓದಿ. ತಿದ್ದುವಾಗ ಮೊದಲು ದೃಶ್ಯಗಳು: ಯಾವುದು ಹೋಗಬೇಕು, ಯಾವುದು ಬೆಳೆಯಬೇಕು, ಯಾವುದು ಮುಂಚೆ ಬರಬೇಕು. ಪಾಲಿನ ದೃಶ್ಯಕ್ಕೆ ಇಡೀ ಅಧ್ಯಾಯ ಬೇಕು, ಮೊದಲ ಮೂರು ಅಧ್ಯಾಯಗಳು ಒಂದಾಗಬಹುದು. ಆಮೇಲೆ ಸಂಭಾಷಣೆ, ವಾಕ್ಯ ಎಲ್ಲಕ್ಕಿಂತ ಕೊನೆಗೆ. ಈ ಕ್ರಮ ತಿರುವುಮುರುವಾದರೆ, ನಾಳೆ ಕಿತ್ತುಹಾಕುವ ಪುಟಕ್ಕೆ ಇವತ್ತು ವಾರಗಟ್ಟಲೆ ನಯಗೆಲಸ ಮಾಡಿರುತ್ತೀರಿ. ಕಿತ್ತುಹಾಕಲು ಮತ್ತೆ ಮನಸ್ಸೂ ಬರುವುದಿಲ್ಲ. ನದಿ ಉಳಿದುಕೊಂಡಿರುವುದು ಹಾಗೆಯೇ.

ಹಸ್ತಪ್ರತಿಯನ್ನು ಇದರೊಂದಿಗೆ ಹಿಂದಿರುಗಿಸುತ್ತಿದ್ದೇವೆ. ಹತ್ತೊಂಬತ್ತನೇ ಅಧ್ಯಾಯದ ಅಂಚಿನಲ್ಲಿ ಪೆನ್ಸಿಲ್ ಗುರುತುಗಳಿವೆ, ಎಲ್ಲವೂ ಮೆಚ್ಚುಗೆಯವು. ಪಾಲಿನ ದೃಶ್ಯದಿಂದ ಶುರುಮಾಡಿ. ಅದು ಸಿದ್ಧವಾದಾಗ ಅದೊಂದನ್ನೇ ಕಳಿಸಿ, ಓದುತ್ತೇವೆ.

ಸಂಪಾದಕರು