ಯಾವ ಬಗೋಬೊ ಅಂತ ಮೊದಲು ಕೇಳಿಕೊಳ್ಳಿ

ನಮಸ್ಕಾರ. ಫಿಲಿಪ್ಪೀನ್ಸ್‌ನ ದಾವಾವೊದಲ್ಲಿ ಮೆಡಿಕಲ್ ಓದುತ್ತಿದ್ದೀನಿ, ಮೌಂಟ್ ಆಪೊ ಬೆಟ್ಟದ ತಪ್ಪಲಿನ ಊರಿನವರ ಜೊತೆ ಅವರ ಬಗೋಬೊ ಭಾಷೆಯಲ್ಲಿ ನಾಲ್ಕು ಮಾತಾಡಬೇಕು, ಹೇಗೆ ಕಲಿಯಲಿ ಅಂತ ಕೇಳಿದ್ದೀರಿ. ತುಂಬಾ ಖುಷಿಯಾಯಿತು.

ಆ ಊರಿನವರು ತಗಬಾವಾ ಆಡುತ್ತಾರಾ, ಕ್ಲಾತಾ ಆಡುತ್ತಾರಾ ಅಂತ ಮೊದಲು ವಿಚಾರಿಸಿ. ಎರಡನ್ನೂ ಬಗೋಬೊ ಅನ್ನುತ್ತಾರೆ, ಆದರೆ ಭಾಷೆಗಳು ಬೇರೆ. ತಗಬಾವಾ ಮನೋಬೊ ಅನ್ನುವ ಭಾಷಾ ಗುಂಪಿನದು, ಕ್ಲಾತಾ ಆ ಗುಂಪಿನದಲ್ಲ. ಒಂದನ್ನು ಕಲಿತು ಇನ್ನೊಂದು ಊರಿಗೆ ಹೋದರೆ ಸುಮ್ನೆ ಕಷ್ಟ.

ದಾವಾವೊದಲ್ಲಿ ಹೆಚ್ಚಾಗಿ ಆಡುವ ಸೆಬುವಾನೊ ಭಾಷೆ ಸ್ವಲ್ಪ ಬರುತ್ತೆ ಅಲ್ವಾ? ಅದನ್ನೇ ಸೇತುವೆ ಮಾಡಿಕೊಳ್ಳಿ. ಐದಕ್ಕೆ ಸೆಬುವಾನೊದಲ್ಲಿ 'ಲಿಮಾ', ತಗಬಾವಾದಲ್ಲೂ 'ಲಿಮಾ'.

ನಮಗೆ ಜಾಸ್ತಿ ತೊಡಕಾಗುವುದು ಎರಡು ಕಡೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತೆ, ಈ ಭಾಷೆಗಳಲ್ಲಿ ಸಾಮಾನ್ಯವಾಗಿ ಮೊದಲೇ ಬರುತ್ತೆ: 'ತಿಂದೆ ನಾನು ಅನ್ನ' ಅನ್ನುವ ಹಾಗೆ. ಇನ್ನೊಂದು, 'ನಾವು'. ಕೇಳುವವರನ್ನೂ ಸೇರಿಸಿ ಹೇಳುವ 'ನಾವು' ಬೇರೆ, ಬಿಟ್ಟು ಹೇಳುವುದು ಬೇರೆ. ತೆಲುಗಿನ ಮನಮು, ಮೇಮು ಗೊತ್ತಿದ್ದರೆ ತಕ್ಷಣ ಹೊಳೆಯುತ್ತೆ. ಸೆಬುವಾನೊದಲ್ಲಿ ಇದೇ ಕಿತಾ, ಕಮಿ. 'ನಾವು ಊಟ ಮಾಡೋಣ' ಅನ್ನುವಾಗ ತಪ್ಪು 'ನಾವು' ಬಳಸಿದರೆ ಎದುರಿಗಿರುವ ಅಜ್ಜಿಯನ್ನೇ ಊಟದಿಂದ ಹೊರಗಿಟ್ಟ ಹಾಗಾಗುತ್ತೆ. ಇದನ್ನು ಮೊದಲ ವಾರವೇ ಬಾಯಿಗೆ ತಂದುಕೊಳ್ಳಿ.

ಆಮೇಲೆ ಅಡುಗೆಮನೆಯಲ್ಲೋ ಅಬಾಕಾ (ಬಾಳೆ ಜಾತಿಯ ಗಿಡ) ನಾರಿನ ಮಗ್ಗದ ಪಕ್ಕವೋ ಕೂತು, ವಸ್ತು ಕೈಯಲ್ಲಿ ಹಿಡಿದೇ ಹೆಸರು ಕೇಳಿ. ಒಪ್ಪಿದರೆ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ರಾತ್ರಿ ಮತ್ತೆ ಕೇಳಿ.