ಟ್ಯಾಬ್ಲೆಟ್ ಕೊಟ್ಟವರು ಹೊರಟ ಮೇಲೆ

ಪ್ರಶ್ನೆ: ಬಡ ದೇಶಗಳ ಆಸ್ಪತ್ರೆಗಳಲ್ಲಿ ಮಾತ್ರೆಗೇ ಗತಿಯಿಲ್ಲ. ಅಲ್ಲಿಗೆ ಟ್ಯಾಬ್ಲೆಟ್, ಆ್ಯಪ್ ಯಾಕೆ? ದಾನಿಗಳ ದುಡ್ಡು ಮುಗಿದ ಕೂಡಲೇ ಎಲ್ಲ ಬೀರು ಸೇರುತ್ತದೆ. ಸುಮ್ನೆ ದಂಡ ಅಲ್ವಾ?

ಉತ್ತರ: ಮಾತ್ರೆ ಮೊದಲು, ಅದರಲ್ಲಿ ಎರಡು ಮಾತಿಲ್ಲ. ಆದರೆ ಯಾವ ಕೇಂದ್ರದಲ್ಲಿ ಮಾತ್ರೆ ಮುಗಿದಿದೆ, ಯಾವ ಗೋದಾಮಿನಲ್ಲಿ ಅವಧಿ ಮೀರಿ ಬಿದ್ದಿದೆ ಅಂತ ತಿಳಿಯಲೂ ಲೆಕ್ಕ ಬೇಕಲ್ಲ? ನೀವು ಬೈಯಬೇಕಾದ್ದು ಟ್ಯಾಬ್ಲೆಟ್ಟನ್ನಲ್ಲ, ದುಡ್ಡು ಕೊಡುವ ಕ್ರಮವನ್ನು.

ಎರಡು ಮೂರು ವರ್ಷಕ್ಕೆ ಅಂತ ದುಡ್ಡು ಬರುತ್ತದೆ. ಅಷ್ಟರಲ್ಲಿ ಸಾಧನ ಕೊಳ್ಳಬಹುದು, ತರಬೇತಿ ಮುಗಿಸಬಹುದು, ಚೆಂದದ ವರದಿಯನ್ನೂ ಬರೆಯಬಹುದು. ಆಮೇಲೆ ಬ್ಯಾಟರಿ ಸತ್ತಾಗ, ಸರ್ವರ್ ಬಾಡಿಗೆ ಕಟ್ಟಬೇಕಾದಾಗ, ತರಬೇತಿ ಪಡೆದ ನರ್ಸಿಗೆ ಬೇರೆ ಕಡೆ ವರ್ಗವಾದಾಗ ಕೇಳುವವರೇ ಇರುವುದಿಲ್ಲ. ಅಲ್ಲಿಯವರೆಗೂ ಆ ನರ್ಸ್ ಒಂದೇ ವಿವರವನ್ನು ಎರಡು ಸಲ ತುಂಬಿರುತ್ತಾಳೆ, ರಿಜಿಸ್ಟರಿನಲ್ಲಿ ಒಮ್ಮೆ, ಆ್ಯಪ್‌ನಲ್ಲಿ ಒಮ್ಮೆ, ಏಕೆಂದರೆ ರಿಜಿಸ್ಟರ್ ನಿಲ್ಲಿಸಿ ಎಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಇನ್ನು ಕರೆಂಟಿನ ಮಾತು. ಬಡ ಮತ್ತು ಕೆಳಮಧ್ಯಮ ಆದಾಯದ ದೇಶಗಳಲ್ಲಿ ಹತ್ತಿರ ಹತ್ತಿರ 100 ಕೋಟಿ ಜನ ನಂಬುವಂಥ ವಿದ್ಯುತ್ ಇಲ್ಲದ ಆಸ್ಪತ್ರೆಗಳನ್ನೇ ನೆಚ್ಚಿಕೊಂಡಿದ್ದಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು.

ಉಗಾಂಡದಲ್ಲಿ ಇಂಥ ಪ್ರಾಯೋಗಿಕ ಯೋಜನೆಗಳು ಎಷ್ಟು ತುಂಬಿಕೊಂಡವೆಂದರೆ, 2012ರ ಜನವರಿಯಲ್ಲಿ ಅಲ್ಲಿನ ಆರೋಗ್ಯ ಸಚಿವಾಲಯವೇ ಎಲ್ಲಕ್ಕೂ ತಡೆ ಹಾಕಿತು. ನಮ್ಮನ್ನು ಕೇಳದೆ ಯಾರೂ ಏನೂ ಶುರು ಮಾಡಬೇಡಿ ಅಂತ. ನನಗೆ ಅದು ಬಹಳ ಒಳ್ಳೆಯ ಆದೇಶ ಅನ್ನಿಸುತ್ತದೆ. ಅದು ತಂತ್ರಜ್ಞಾನ ಬೇಡ ಎಂದದ್ದಲ್ಲ, ಮನೆ ಯಜಮಾನರು ನಾವು ಎಂದದ್ದು.

ನೀವು ನೋಡದ ಇನ್ನೊಂದು ಮುಖವೂ ಇದೆ. ಆಸ್ಪತ್ರೆಗಳ ಲೆಕ್ಕವನ್ನೆಲ್ಲ ಒಂದೆಡೆ ಸೇರಿಸುವ ಡಿಎಚ್‌ಐಎಸ್‌2 ಎಂಬ ಉಚಿತ ತಂತ್ರಾಂಶದ ಬೇರು 1990ರ ದಶಕದ ದಕ್ಷಿಣ ಆಫ್ರಿಕದಲ್ಲಿದೆ. ಈಗ ಅದನ್ನು ಓಸ್ಲೋ ವಿಶ್ವವಿದ್ಯಾಲಯ ನೋಡಿಕೊಳ್ಳುತ್ತದೆ. ಕೀನ್ಯ 2011ರಲ್ಲೇ ಅದನ್ನು ದೇಶದುದ್ದಕ್ಕೂ ಹಾಕಿತು. 2020ರ ಜನವರಿಯಲ್ಲಿ ಕೊರೊನಾ ಸುದ್ದಿ ಬಂದಾಗ, ಶ್ರೀಲಂಕಾದ ತಂಡ ಅದೇ ತಂತ್ರಾಂಶದ ಮೇಲೆ ವಿದೇಶದಿಂದ ಬಂದಿಳಿಯುವವರನ್ನು ಗಮನಿಸುವ ವ್ಯವಸ್ಥೆಯನ್ನು ಕೆಲವೇ ದಿನಗಳಲ್ಲಿ ಕಟ್ಟಿತು. ಬೇರೆ ದೇಶಗಳೂ ಅದನ್ನು ತೆಗೆದುಕೊಂಡವು. ಹೇಗೆ ಸಾಧ್ಯವಾಯಿತು? ಕೊಲಂಬೊ ವಿಶ್ವವಿದ್ಯಾಲಯ ಆಗಲೇ ಎಷ್ಟೋ ವರ್ಷಗಳಿಂದ ವೈದ್ಯರಿಗೇ ಆರೋಗ್ಯ ಮಾಹಿತಿಯ ಸ್ನಾತಕೋತ್ತರ ಪಾಠ ಹೇಳುತ್ತಿತ್ತು. ಕೆಲಸ ಬಲ್ಲವರು ಅಲ್ಲಿಯವರೇ, ಅಲ್ಲೇ ಉಳಿದವರು. ಈ ಮಾತನ್ನು ನಾನು ಎಷ್ಟು ಸಲ ಬರೆದರೂ ನನಗೆ ಬೇಸರವಿಲ್ಲ. ಯಂತ್ರಕ್ಕೆ ಹಾಕುವ ದುಡ್ಡಿಗಿಂತ ಜಾಸ್ತಿ ದುಡ್ಡನ್ನು ಅದನ್ನು ರಿಪೇರಿ ಮಾಡುವವರ ಸಂಬಳಕ್ಕೆ ಹಾಕಿ. ಆ ಸಂಬಳ ಆಯಾ ಸರ್ಕಾರದ ಬಜೆಟ್ಟಿನಲ್ಲೇ ಇರಲಿ. ಇಲ್ಲದಿದ್ದರೆ 2025ರ ಜನವರಿಯಲ್ಲಿ ಅಮೆರಿಕ ವಿದೇಶಿ ನೆರವನ್ನು ತಡೆಹಿಡಿದ ಹಾಗೆ ಯಾರೋ ಒಂದು ಸಹಿ ಹಾಕಿದರೆ ಸಾಕು, ದೂರದ ಆಸ್ಪತ್ರೆಯ ದಾಖಲೆಗಳಿಗೇ ಕುತ್ತು.

ರಿಬ್ಬನ್ ಕತ್ತರಿಸುವವರಿಗೆ ಫೋಟೊ ಸಿಗುತ್ತದೆ, ಕೆಟ್ಟ ಕೇಬಲ್ ಬದಲಿಸುವವರಿಗೆ ಯಾವ ಪತ್ರಿಕೆಯೂ ಒಂದು ಸಾಲು ಕೊಡುವುದಿಲ್ಲ. ಸೇತುವೆ, ಶಾಲೆ, ಕೊಳವೆಬಾವಿ, ಎಲ್ಲದರ ಕಥೆಯೂ ಇದೇ ಅಲ್ವಾ? ನಿಮ್ಮಂಥ ಚುರುಕು ಓದುಗರು ಬೀರು ಸೇರಿದ ಟ್ಯಾಬ್ಲೆಟ್ ಕಂಡು ಕೈ ಚೆಲ್ಲಬಾರದು. ಅದರ ನಾಲ್ಕನೇ ವರ್ಷದ ಖರ್ಚನ್ನು ಯಾರ ಹೆಸರಿಗೆ ಬರೆದಿದ್ದರು ಎಂದು ಕೇಳಿ ಇನ್ನೊಂದು ಪತ್ರ ಬರೆಯಿರಿ. ಅದನ್ನೂ ಅಚ್ಚು ಹಾಕುತ್ತೇನೆ.